ಮರಳದ ಮರಳು

ಬೆಲೆಯಿಲ್ಲದ ವಸ್ತುವೊಂದನ್ನು ಹೆಸರಿಸಬೇಕಾದಾಗ ನಮ್ಮ ನುಡಿಗೆ ಮೊದಲು ನೆನಪಾಗುವುದು ಮರಳು. ಆಗದ ಕೆಲಸಕ್ಕೆ ಕೈಹಾಕಿದವನನ್ನು ಮರಳಿನಿಂದ ಎಣ್ಣೆ ಹಿಂಡಲು ಹೊರಟವನೆಂದು ಹಾಸ್ಯ ಮಾಡುತ್ತೇವೆ; ನಿಲ್ಲದ ಮಾತನ್ನು ಮರಳ ಮೇಲಿನ ಬರಹವೆನ್ನುತ್ತೇವೆ. ತಲಕಾಡಿನ ಕಥೆಯಲ್ಲಿ ಅಲಮೇಲಮ್ಮನ ಶಾಪವು ಊರಿನ ಮೇಲೆ ಇಳಿದುದೂ ಮರಳಿನ ರೂಪದಲ್ಲಿಯೇ. ನಮ್ಮ ಚಂಪೂಕವಿಗಳು ಮಾತ್ರ ಪುಳಿನಸ್ಥಲದ ಚೆಲುವನ್ನು ಕಂಡು ಅಲ್ಲಿ ಹಂಸಗಳನ್ನು ವಿಹರಿಸಗೊಟ್ಟರು. ಉಳಿದಂತೆ ಲೋಕವ್ಯವಹಾರದಲ್ಲಿ ಮರಳಿಗೆ ಮಾನವಿಲ್ಲ. ನಾನೂ ಇದೇ ಅಭಿಪ್ರಾಯದವನಾಗಿದ್ದೆ. ಅದನ್ನು ಬದಲಿಸಿದುದು ಆಸ್ಟ್ರೇಲಿಯದ ಸಿಡ್ನಿ ಮಹಾನಗರದ ದಕ್ಷಿಣದಂಚಿನಲ್ಲಿ, ಕಡಲಿಗೆ ಚಾಚಿಕೊಂಡಿರುವ ಕರ್ನೆಲ್ ಎಂಬ ಸಣ್ಣ ಉಪನಗರ.

ಈಚೆಗೆ ಒಂದು ಡಿಸೆಂಬರಿನಲ್ಲಿ ಸಿಡ್ನಿಯಲ್ಲಿರುವ ತಂಗಿಯ ಮನೆಯಲ್ಲಿ ಕೆಲವು ವಾರ ಉಳಿಯುವ ಅವಕಾಶ ನನಗೊದಗಿತು. ಆಕೆಯ ಪತಿ ವೃತ್ತಿಯಿಂದ ಎಂಜಿನಿಯರು. ಪ್ರವಾಸಿಗರು ನೋಡುವುದನ್ನೆಲ್ಲ ನೋಡಿಯಾದ ಮೇಲೆ ಒಂದು ಬೆಳಿಗ್ಗೆ ಅವರು, “ಭಾವ, ಈ ನಗರ ಎಲ್ಲಿಂದ ಬಂತೆಂದು ಇವತ್ತು ತೋರಿಸುತ್ತೇನೆ, ಬನ್ನಿ” ಎಂದು ಕಾರಿನಲ್ಲಿ ಕೂರಿಸಿಕೊಂಡರು. ಕ್ಯಾಪ್ಟನ್ ಕುಕ್ ಇಳಿದ ಸ್ಥಳವನ್ನು ತೋರಿಸಬಹುದೆಂದು ಭಾವಿಸಿದೆ. ಅದನ್ನೂ ತೋರಿಸಿದರು. ಆದರೆ ಅದಕ್ಕೆ ಮೊದಲು ದಾರಿಯಲ್ಲಿ ಕಾರು ನಿಲ್ಲಿಸಿ, ಬೇಲಿಯಾಚೆಗಿನ ಒಂದು ಸಮತಟ್ಟಾದ ಬಯಲನ್ನೂ ಅದರ ನಡುವೆ ನಿಂತ ನೀರನ್ನೂ ತೋರಿಸಿ, “ಇಲ್ಲಿ ಮರಳಿನ ಗುಡ್ಡಗಳಿದ್ದವು” ಎಂದರು. ವ್ಯಾಕರಣ ಕಲಿಸುವವನಿಗೆ ಭೂತಕಾಲವೇನೂ ಹೊಸದಲ್ಲ. ಗುಡ್ಡದ ವಿಷಯದಲ್ಲಿ ಅದನ್ನು ಬಳಸಿದುದನ್ನು ಮಾತ್ರ ನಾನು ಅದೇ ಮೊದಲು ಕೇಳಿದೆ.

ಕರ್ನೆಲ್ ಇರುವುದು ಬಾಟನಿ ಕೊಲ್ಲಿಯ ದಕ್ಷಿಣದ ತುದಿಯಲ್ಲಿ. ಪೂರ್ವಕ್ಕೆ ಪೆಸಿಫಿಕ್ ಸಾಗರ. ಉತ್ತರಕ್ಕೆ ಕೊಲ್ಲಿ, ಅದರಾಚೆಯ ದಡದಲ್ಲಿ ಸಿಡ್ನಿಯ ವಿಮಾನ ನಿಲ್ದಾಣ ಮತ್ತು ಬಂದರು. ಊರಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸಿನದು. ಭೂಶಿರದ ತುದಿ ಗಟ್ಟಿಯಾದ ಮರಳುಗಲ್ಲಿನ ಬಂಡೆ. ಆ ಬಂಡೆಯನ್ನು ನಾಡಿಗೆ ಕಟ್ಟಿಹಾಕಿರುವುದು ಮರಳು. ಹಿಮಯುಗವು ಕಳೆದು ಕಡಲು ಮೇಲೇರುತ್ತ ಬಂದು, ಆರೇಳು ಸಾವಿರ ವರ್ಷಗಳ ಹಿಂದೆ ಇಂದಿನ ಮಟ್ಟದ ಹತ್ತಿರ ನಿಂತಿತು. ಆಗ ಈ ಬಂಡೆ ಒಂದು ದ್ವೀಪ. ಅಲೆಗಳು ಮರಳನ್ನು ತಂದು ಒಡ್ಡಿದುವು. ಗಾಳಿ ಅದನ್ನು ಎತ್ತಿ ರಾಶಿ ಹಾಕಿತು. ಕಾಲಕ್ರಮದಲ್ಲಿ ದ್ವೀಪವು ನೆಲಕ್ಕೆ ಕೂಡಿತು. ಜಾರ್ಜಸ್ ನದಿ ಒಂದು ಕಾಲದಲ್ಲಿ ಇದರ ದಕ್ಷಿಣದ ಬದಿಯಿಂದ ಹರಿದು ಸಾಗರವನ್ನು ಸೇರುತ್ತಿತ್ತು. ಮರಳು ಆ ದಾರಿಯನ್ನು ಮುಚ್ಚಿದುದರಿಂದ ಇಂದು ಬಾಟನಿ ಕೊಲ್ಲಿಗೆ ಬಂದು ಬೀಳುತ್ತದೆ. ನದಿಯ ಪಾತ್ರವನ್ನೇ ತಿರುಗಿಸಿದ ವಸ್ತುವನ್ನು ಬೆಲೆಯಿಲ್ಲದ್ದೆಂದು ಹೇಗೆ ಹೇಳೋಣ?

ಆದರೆ ಗಾಳಿ ತಂದ ಮರಳನ್ನು ಗಾಳಿಯೇ ಒಯ್ಯದಂತೆ ಹಿಡಿದು ನಿಲ್ಲಿಸುವವರು ಬೇಕು. ಆ ಕೆಲಸ ಮಾಡಿದುದು ಗಿಡಗಂಟಿಗಳು. ಕಡಲಿಗೆ ತೀರ ಹತ್ತಿರದಲ್ಲಿ, ಉಪ್ಪುಗಾಳಿಯ ಹೊಡೆತಕ್ಕೆ ಎದೆಗೊಟ್ಟು ಮೊದಲು ಬೆಳೆಯುವುದು ಸ್ಪಿನಿಫೆಕ್ಸ್ ಎಂಬ ಹುಲ್ಲು. ನಮ್ಮ ಕರಾವಳಿಯಲ್ಲಿ ರಾವಣನ ಮೀಸೆಯೆಂದು ಕರೆಯುವ ಹುಲ್ಲು ಇದೇ ಕುಲದ್ದು. ಅದರ ಮುಳ್ಳುಚೆಂಡು ಗಾಳಿಯಲ್ಲಿ ಉರುಳುತ್ತ ಓಡುವುದನ್ನು ಮಲ್ಪೆ, ಮರವಂತೆಗಳ ಮಕ್ಕಳೆಲ್ಲ ಬಲ್ಲರು. ಈ ಹುಲ್ಲಿನ ಕಾಂಡ ಮರಳಿನ ಮೇಲೆ ಹರಿದಾಡಿ, ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಮೇಲೆ ಮರಳು ಬಿದ್ದಷ್ಟೂ ಅದು ಸಾಯದೆ ಮೇಲಕ್ಕೇಳುತ್ತದೆ. ಅದರ ಮರೆಯಲ್ಲಿ ಸಣ್ಣ ಪೊದೆಗಳು ನೆಲೆಯೂರುತ್ತವೆ. ಪೊದೆಗಳ ತರಗೆಲೆ ಕೊಳೆತು ಒಂದಿಷ್ಟು ಸತ್ತ್ವ ಸೇರಿದ ಮೇಲೆ ಬ್ಯಾಂಕ್ಸಿಯ ಮರಗಳು. ಅವುಗಳ ಹಿಂದೆ, ಗಾಳಿ ತಗ್ಗಿದ ಕಡೆ, ನಾವು ನೀಲಗಿರಿಯೆನ್ನುವ ಮರದ ಬಂಧುಗಳು. ಸೇತುವೆ ಕಟ್ಟುವಾಗ ಮೈಗೆ ಮರಳು ಮೆತ್ತಿಕೊಂಡು ಬಂದು ಕೊಡವಿದ ಅಳಿಲಿನ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಒಂದೊಂದು ಹುಲ್ಲುಕಡ್ಡಿಯೂ ಸಾವಿರಾರು ವರ್ಷ ಆ ಅಳಿಲುಸೇವೆಯನ್ನು ಮಾಡಿತು. ಸೇತುವೆ ನಿಂತಿತು.

ಆ ನೆಲದಲ್ಲಿ ಧರಾವಲ್ ಭಾಷೆಯನ್ನಾಡುವ ಗ್ವೀಗಲ್ ಜನರು ಬಾಳುತ್ತಿದ್ದರು. ಕೊಲ್ಲಿಗೆ ಅವರಿಟ್ಟ ಹೆಸರು ಕಮೇ. ಮೀನು, ಚಿಪ್ಪುಜೀವಿಗಳು ಅವರ ಆಹಾರ. ಅವರು ತಿಂದುಳಿಸಿದ ಚಿಪ್ಪುಗಳ ರಾಶಿ ನೆಲದ ಪದರಗಳಲ್ಲಿ ಇಂದಿಗೂ ದೊರೆಯುತ್ತದೆ. 1770ರ ಏಪ್ರಿಲ್ 29ರಂದು ಎಂಡೆವರ್ ನೌಕೆಯಿಂದ ಜೇಮ್ಸ್ ಕುಕ್ ಇಲ್ಲಿ ದಡಕ್ಕೆ ಬಂದಾಗ ಗ್ವೀಗಲರ ಇಬ್ಬರು ಅಡ್ಡನಿಂತರು. ಬಂದವರು ಬಂದೂಕು ಹಾರಿಸಿದರು. ಆಮೇಲೆ ಅಲ್ಲಿದ್ದ ಸುಮಾರು ನಲವತ್ತು ಈಟಿಗಳನ್ನು ಎತ್ತಿಕೊಂಡು ಹೋದರು. ಹೊರಗಿನವರೊಡನೆ ಈ ನೆಲದ ಮೊದಲ ಪರಿಚಯವಾದುದು ಹೀಗೆ: ಬಂದವರು ಏನನ್ನೋ ಒಯ್ದರು.

ನೌಕೆಯಲ್ಲಿದ್ದ ಸಸ್ಯವಿಜ್ಞಾನಿಗಳಾದ ಜೋಸೆಫ್ ಬ್ಯಾಂಕ್ಸ್, ಡೇನಿಯಲ್ ಸೊಲಾಂಡರ್ ಇವರಿಬ್ಬರು ಒಂದು ವಾರದ ಅವಧಿಯಲ್ಲಿ ಇಲ್ಲಿ ಸಂಗ್ರಹಿಸಿದ ಗಿಡಗಳು ಯೂರೋಪಿನ ವಿದ್ವಾಂಸರು ಕಂಡರಿಯದವು. ಕೊಲ್ಲಿಗೆ ಮೊದಲು ತಿರಣೆ ಮೀನಿನ ಹೆಸರನ್ನಿಟ್ಟಿದ್ದ ಕುಕ್ ಮನಸ್ಸು ಬದಲಿಸಿ ಅದನ್ನು ಬಾಟನಿ ಕೊಲ್ಲಿ, ಎಂದರೆ ಸಸ್ಯಶಾಸ್ತ್ರದ ಕೊಲ್ಲಿಯೆಂದು ಕರೆದುದು ಈ ಸಂಗ್ರಹದ ದೆಸೆಯಿಂದಲೇ. ಬ್ಯಾಂಕ್ಸನ ಹೆಸರನ್ನು ಹೊತ್ತ ಬ್ಯಾಂಕ್ಸಿಯ ಕುಲಕ್ಕೆ 1782ರಲ್ಲಿ ಕಿರಿಯ ಲಿನೇಯಸ್ ನಾಮಕರಣ ಮಾಡಿದ. ಗರಗಸದಂಚಿನ ಎಲೆಯ ಬ್ಯಾಂಕ್ಸಿಯವನ್ನು ನಾನು ಅಲ್ಲಿ ಮುಟ್ಟಿ ನೋಡಿದೆ. ತೊಗಟೆ ಗಂಟುಗಂಟಾಗಿ ಮುದುಕನ ಮೊಣಕಾಲಿನಂತಿದೆ. ಹೂಗೊನೆ ದೀಪದ ಕುಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಬೀಜವನ್ನು ಅದು ಮರದಂತೆ ಗಟ್ಟಿಯಾದ ಕಾಯಿಯೊಳಗೆ ಬಚ್ಚಿಟ್ಟುಕೊಂಡು, ಕಾಡಿಗೆ ಬೆಂಕಿ ಬಿದ್ದ ಮೇಲೆ ತೆರೆದು ಬಿತ್ತುತ್ತದೆ. ಬೆಂಕಿಯನ್ನು ಎದುರಿಸಲು ಕಲಿತ ಗಿಡ ಅದು. ಆದರೆ ಕಾಲ ಕೆಳಗಿನ ನೆಲವನ್ನೇ ತೆಗೆದೊಯ್ದರೆ ಏನು ಮಾಡಬೇಕೆಂಬ ವಿದ್ಯೆಯನ್ನು ಯಾವ ಗಿಡವೂ ಕಲಿತಿಲ್ಲ.

1788ರ ಜನವರಿಯಲ್ಲಿ ಆರ್ಥರ್ ಫಿಲಿಪ್ಪನ ನೇತೃತ್ವದಲ್ಲಿ ಕೈದಿಗಳನ್ನು ಹೊತ್ತ ಹಡಗುಗಳು ಈ ಕೊಲ್ಲಿಗೆ ಬಂದವು. ಸಿಹಿನೀರು ಸಾಲದು, ಕೊಲ್ಲಿ ಆಳವಿಲ್ಲ, ನೆಲ ಬರಿಯ ಮರಳು ಮತ್ತು ಜೌಗು ಎಂದು ಕಂಡು ಅವರು ಉತ್ತರಕ್ಕೆ ಹೋಗಿ ಇನ್ನೊಂದು ಬಂದರಿನಲ್ಲಿ ನೆಲೆನಿಂತರು. ಸಿಡ್ನಿ ಬೆಳೆದುದು ಅಲ್ಲಿ. ಕರ್ನೆಲ್ಲಿನ ಮುಂದಿನ ಬದುಕನ್ನೆಲ್ಲ ಆ ಒಂದು ತೀರ್ಮಾನವೇ ನಿರ್ಣಯಿಸಿತೆಂದರೆ ಅತ್ಯುಕ್ತಿಯಾಗದು. ವಾಸಕ್ಕೆ ಬೇಡವೆನಿಸಿದ ನೆಲ ಬೇರೆ ಎಲ್ಲದಕ್ಕೂ ಬೇಕಾಯಿತು.

1861ರಲ್ಲಿ ಥಾಮಸ್ ಹೋಲ್ಟ್ ಎಂಬ ಉಣ್ಣೆಯ ವರ್ತಕ ಈ ಭೂಶಿರವನ್ನು ಕೊಂಡುಕೊಂಡ. ಅವನ ಕಾಲದಲ್ಲಿ ಮರಗಳು ಉರುಳಿದುವು. ಕುರಿಗಳು ಬಂದುವು, ಅವುಗಳಿಗೆ ಗೊರಸಿನ ರೋಗ ತಗಲಿದ ಮೇಲೆ ದನಗಳು ಬಂದುವು. ದನ ಹುಲ್ಲನ್ನು ಮೇಯಿತು, ಗೊರಸು ಬೇರನ್ನು ಕಿತ್ತಿತು. ಹಿಡಿತ ತಪ್ಪಿದ ಮರಳು ಗಾಳಿಗೆ ಎದ್ದು ನಡೆಯತೊಡಗಿತು. ಹಸಿರು ಹೊದಿಕೆಯ ದಿಬ್ಬಗಳು ಬೋಳಾಗಿ, ಕಣ್ಣು ಕೋರೈಸುವ ಬಿಳಿಯ ಮರುಭೂಮಿಯಾದುವು. ಎಷ್ಟರಮಟ್ಟಿಗೆ ಮರುಭೂಮಿಯೆಂದರೆ, 1940ರಲ್ಲಿ ಚಾರ್ಲ್ಸ್ ಶೋವೆಲ್ ‘ಫಾರ್ಟಿ ಥೌಸಂಡ್ ಹಾರ್ಸ್‌ಮೆನ್’ ಎಂಬ ಯುದ್ಧಚಿತ್ರವನ್ನು ತೆಗೆದಾಗ ಪಾಲೆಸ್ತೀನಿನ ಮರಳುಗಾಡಿನ ಕುದುರೆದಾಳಿಯನ್ನು ಈ ದಿಬ್ಬಗಳ ಮೇಲೆಯೇ ಚಿತ್ರಿಸಿದ. ಪ್ರೇಕ್ಷಕರು ಬೆರಗಾದರು. ಅದು ಪ್ರಕೃತಿ ಮಾಡಿದ ಮರುಭೂಮಿಯಲ್ಲ, ಮನುಷ್ಯ ಮಾಡಿದ ಗಾಯವೆಂದು ಯಾರಿಗೆ ಹೊಳೆದೀತು?

ಬೋಳಾದ ಮರಳು ಯಾರಿಗೂ ಬೇಡದ್ದಾಗಿ ಕಂಡಿತು. ಅತ್ತ ನಗರ ಬೆಳೆಯುತ್ತಿತ್ತು. 1930ರ ದಶಕದಿಂದ ಇಲ್ಲಿ ಮರಳಿನ ಗಣಿಗಾರಿಕೆ ಆರಂಭವಾಯಿತು. ಗಣಿಯೆಂದೊಡನೆ ನಮ್ಮ ಕಣ್ಣಿಗೆ ಕೋಲಾರದ ಆಳವೂ ಬಳ್ಳಾರಿಯ ಕೆಂಪು ಧೂಳೂ ಬರುತ್ತವೆ. ಇಲ್ಲಿ ಅಂಥ ಆರ್ಭಟವೇನೂ ಇರಲಿಲ್ಲ. ಬಂಡೆ ಸಿಡಿಸುವುದಿಲ್ಲ, ಸುರಂಗ ಕೊರೆಯುವುದಿಲ್ಲ. ಯಂತ್ರ ದಿಬ್ಬವನ್ನು ಮೊಗೆಯುತ್ತದೆ, ಲಾರಿ ತುಂಬಿಕೊಂಡು ಹೋಗುತ್ತದೆ. ದಿಬ್ಬ ಮುಗಿದ ಮೇಲೆ ನೆಲಮಟ್ಟದ ಕೆಳಗಿನ ಮರಳು. ಅದಕ್ಕೂ ಕೆಳಗೆ ಹೋದಾಗ ಅಂತರ್ಜಲ ಉಕ್ಕಿ ಹೊಂಡವಾಗುತ್ತದೆ. ಹೊಂಡದ ತಳದ ಮರಳನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಹೀಗೆ ಒಟ್ಟು 7 ಕೋಟಿ ಟನ್ನಿಗೂ ಹೆಚ್ಚು ಮರಳು ಇಲ್ಲಿಂದ ಹೋಗಿದೆಯೆಂಬ ಅಂದಾಜಿದೆ. ಹತ್ತು ಟನ್ ಹೊರುವ ಲಾರಿಗಳಾದರೆ ಎಪ್ಪತ್ತು ಲಕ್ಷ ಲಾರಿ. “ಭಾವ, ನಾವಿರುವ ಮನೆಯ ಕಾಂಕ್ರೀಟಿನಲ್ಲಿಯೂ ಈ ಮರಳು ಇದ್ದರೂ ಇದ್ದೀತು” ಎಂದರು ನಮ್ಮ ಎಂಜಿನಿಯರು. ಹಿಂದಿನ ರಾತ್ರಿ ನಾನು ನೆಮ್ಮದಿಯಾಗಿ ನಿದ್ರಿಸಿದ ಗೋಡೆಗಳು ನೆನಪಾದವು.

ಮುಂದಿನ ಸಂಗತಿ ಇನ್ನೂ ವಿಚಿತ್ರವಾದುದು. ಮರಳು ತೆಗೆದ ಹೊಂಡಗಳನ್ನು ಮುಚ್ಚಬೇಕಲ್ಲ! ಅದಕ್ಕೆ ನಗರದಿಂದ ಕಟ್ಟಡಗಳ ಅವಶೇಷಗಳನ್ನು, ಒಡೆದ ಇಟ್ಟಿಗೆ ಕಾಂಕ್ರೀಟುಗಳನ್ನು ತಂದು ಸುರಿದರು. ಗುಡ್ಡವಾಗಿ ಇದ್ದದ್ದು ಮನೆಯಾಗಲು ಹೋಯಿತು. ಮನೆ ಹಳತಾಗಿ ಉರುಳಿತು. ಉರುಳಿದ್ದು ಗುಡ್ಡವಿದ್ದಲ್ಲಿಗೆ ಬಂತು. ಹಳಗನ್ನಡದಲ್ಲಿ ಮಳಲ್ ಎಂದಿದ್ದ ಮಾತು ಇಂದು ಮರಳು ಎಂದಾಗಿ, ಹಿಂದಿರುಗುವುದೆಂಬ ಅರ್ಥದ ಮರಳು ಎಂಬ ಕ್ರಿಯಾಪದದೊಡನೆ ರೂಪದಲ್ಲಿ ಒಂದಾಗಿದೆ. ಮೂಲ ಬೇರೆ, ಕೂಡಿದುದು ಆಕಸ್ಮಿಕ. ಆದರೂ ಆ ಹೊಂಡಗಳ ಮುಂದೆ ನಿಂತಾಗ ಎರಡು ಮಾತುಗಳೂ ಒಟ್ಟಿಗೆ ನನ್ನ ನಾಲಗೆಗೆ ಬಂದುವು. ಮರಳು ಮರಳಿತ್ತು, ಆದರೆ ಮರಳಾಗಿ ಅಲ್ಲ. ಇಟ್ಟಿಗೆಚೂರಿನಲ್ಲಿ ರಾವಣನ ಮೀಸೆ ಬೇರೂರುವುದಿಲ್ಲ. ಕಡಲು ಕೆರಳಿದಾಗ ದಿಬ್ಬವು ತನ್ನ ಮರಳನ್ನು ಅಲೆಗೆ ಒಪ್ಪಿಸಿ ಹಿಂದಿನ ನೆಲವನ್ನು ಕಾಯುತ್ತದೆ. ಕಡಲು ಶಾಂತವಾದ ಮೇಲೆ ಅಲೆ ಅದನ್ನು ಮೆಲ್ಲಮೆಲ್ಲನೆ ಹಿಂದಕ್ಕೊಪ್ಪಿಸುತ್ತದೆ. ಈ ಕೊಡುಕೊಳೆಯನ್ನು ಕಟ್ಟಡದ ಕಸ ಮಾಡಲಾರದು.

ಮರಳಿನ ಮೇಲೆ ಎಣ್ಣೆಯೂ ಬಂತೆಂಬುದನ್ನು ಹೇಳಲೇಬೇಕು. 1956ರಲ್ಲಿ ಇಲ್ಲಿ ದೊಡ್ಡದೊಂದು ತೈಲ ಶುದ್ಧೀಕರಣಾಗಾರ ಆರಂಭವಾಗಿ 2014ರಲ್ಲಿ ನಿಂತಿತು. ಈಗ ಅದು ಹೊರಗಿನಿಂದ ತರಿಸಿದ ಇಂಧನವನ್ನು ಶೇಖರಿಸುವ ತಾಣ. ಕಡಲ ನೀರನ್ನು ಸಿಹಿನೀರಾಗಿಸುವ ಸ್ಥಾವರವು 2010ರಲ್ಲಿ ಸಿದ್ಧವಾಯಿತು. 1788ರಲ್ಲಿ ಸಿಹಿನೀರು ಸಾಲದೆಂದು ಬಿಟ್ಟುಹೋದ ತೀರದಿಂದಲೇ ಇಂದು ನಗರವು ಸಿಹಿನೀರು ಪಡೆಯುತ್ತಿದೆ! 2015ರ ಡಿಸೆಂಬರಿನಲ್ಲಿ ಬೀಸಿದ ಸುಂಟರಗಾಳಿಯ ವೇಗ ಇಲ್ಲಿ ಗಂಟೆಗೆ 213 ಕಿಲೋಮೀಟರ್ ಎಂದು ದಾಖಲಾಯಿತು. ಆ ಸ್ಥಾವರವೂ ಊರಿನ ಮನೆಗಳೂ ಬಹಳ ಹಾನಿಗೀಡಾದುವು. ಕಡಲ ಬಾಯಿಯಲ್ಲಿರುವ ನೆಲಕ್ಕೆ ತಡೆಗೋಡೆ ಏಕೆ ಬೇಕೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇಷ್ಟಾದ ಮೇಲೂ ಕರ್ನೆಲ್ಲಿನಲ್ಲಿ ನೋಡಲು ಏನು ಉಳಿದಿದೆಯೆಂದು ವಾಚಕರು ಕೇಳಬಹುದು. ಬಹಳ ಉಳಿದಿದೆ, ಈ ಲೇಖನವನ್ನು ಬರೆಯಲು ಕಾರಣವೂ ಅದೇ. ರಸ್ತೆಯ ಒಂದು ಬದಿಗೆ ಗಣಿಯ ಬಯಲಾದರೆ, ಇನ್ನೊಂದು ಬದಿಗೆ, ಕೊಲ್ಲಿಯ ಕಡೆಗೆ, ಟೌರಾ ಪಾಯಿಂಟ್ ಎಂಬ ಜೌಗುನೆಲ. ಸಿಡ್ನಿ ಸೀಮೆಯಲ್ಲಿ ಉಳಿದಿರುವ ಕಾಂಡ್ಲಾ ಕಾಡಿನಲ್ಲಿ ಸುಮಾರು ಅರ್ಧದಷ್ಟು ಇಲ್ಲಿದೆ. 1984ರಲ್ಲಿ ಇದು ರಾಮ್ಸಾರ್ ಒಪ್ಪಂದದ ಅಂತಾರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಹೆಚ್ಚಾಗಿ ಬೆಳೆಯುವ ಬೂದುಬಣ್ಣದ ಕಾಂಡ್ಲಾ ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ಇರುವ ಜಾತಿಯೇ. ಕೆಸರಿನಿಂದ ಪೆನ್ಸಿಲಿನಂತೆ ಮೇಲಕ್ಕೆದ್ದು ಉಸಿರಾಡುವ ಬೇರುಗಳನ್ನು ಕಂಡು, ಪರದೇಶದ ಬೀದಿಯಲ್ಲಿ ಊರಿನ ನಂಟರನ್ನು ಕಂಡಷ್ಟು ಸಂತೋಷವಾಯಿತು. ಪಕ್ಕದ ಜೌಗಿನಲ್ಲಿ ಕಾರವಾರದ ತೀರದ ಗಾಳಿಮರದ ದಾಯಾದಿಯೊಂದು ಸುಯ್ಯೆನ್ನುತ್ತಿತ್ತು.

ಇಳಿತದ ಹೊತ್ತು. ಕೆಸರಿನ ಬಯಲಿನಲ್ಲಿ ಉದ್ದಕೊಕ್ಕಿನ ಕಂದು ಹಕ್ಕಿಗಳ ಒಂದು ಗುಂಪು ಯಾರ ಗೊಡವೆಯೂ ಇಲ್ಲದೆ ಹುಳು ಹೆಕ್ಕುತ್ತಿತ್ತು. ಗಾಡ್ವಿಟ್ ಎಂದು ಅವುಗಳ ಹೆಸರು. ಅವು ಮೊಟ್ಟೆಯಿಟ್ಟು ಮರಿಮಾಡುವುದು ಭೂಗೋಲದ ಇನ್ನೊಂದು ತುದಿಯಲ್ಲಿ, ಅಲಾಸ್ಕ, ಸೈಬೀರಿಯಗಳ ಹಿಮದ ಸೀಮೆಯಲ್ಲಿ. 2022ರ ಅಕ್ಟೋಬರಿನಲ್ಲಿ, ಹುಟ್ಟಿ ಐದೇ ತಿಂಗಳಾಗಿದ್ದ ಇಂಥ ಒಂದು ಹಕ್ಕಿ ಅಲಾಸ್ಕದಿಂದ ಟಾಸ್ಮೇನಿಯದವರೆಗೆ ಸುಮಾರು 13,560 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಹಾರಿತೆಂದು ಅದರ ಮೈಮೇಲಿನ ಯಂತ್ರ ತಿಳಿಸಿತು. ತೀರ ಸೇರಿದ ಹಕ್ಕಿಗೆ ಬೇಕಾದುದು ಒಂದು ಹಿಡಿ ಕೆಸರು, ಅದರಲ್ಲಿ ನಾಲ್ಕು ಹುಳು. ಅಷ್ಟು ದೂರದಿಂದ ಬಂದ ಅತಿಥಿಗೆ ಅದೂ ಇಲ್ಲವೆನ್ನುವ ದಿನ ಬಾರದಿರಲಿ.

ಆ ದಿನ ಹತ್ತಿರ ಬಂದಿತ್ತೆಂಬುದೂ ನಿಜ. ವಿಮಾನಗಳ ಓಡುದಾರಿಯನ್ನು ಕೊಲ್ಲಿಯೊಳಕ್ಕೆ ಚಾಚಿದುದು, ಬಂದರಿಗಾಗಿ ಕೊಲ್ಲಿಯ ಬಾಯಿಯನ್ನು ಆಳಗೊಳಿಸಿದುದು, ಇವುಗಳಿಂದ ಅಲೆಗಳು ತಮ್ಮ ದಿಕ್ಕನ್ನು ಬದಲಿಸಿ ಟೌರಾದ ಮರಳದಂಡೆಯನ್ನು ಕೊರೆಯತೊಡಗಿದುವು. ಕಿರು ರೀವವೆಂಬ ಪುಟ್ಟ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ಮರಳಿನಲ್ಲಿ ಬೊಗಸೆಯಷ್ಟು ಕುಳಿ ತೋಡಿ, ಮರಳಿನದೇ ಬಣ್ಣದ ಮೊಟ್ಟೆಯಿಡುತ್ತದೆ. ಮರಳಿಲ್ಲವಾದರೆ ಅದಕ್ಕೆ ಸಂತಾನವಿಲ್ಲ. 2004ರಲ್ಲಿ ಸರ್ಕಾರವು ಮರಳನ್ನು ತಂದು, ಕೊರೆದುಹೋದ ಟೌರಾ ತೀರಕ್ಕೆ ಸುರಿಯಬೇಕಾಯಿತು. ರಸ್ತೆಯ ಒಂದು ಬದಿಯಿಂದ ದಶಕಗಳ ಕಾಲ ಮರಳನ್ನು ಮಾರಿದ ಭೂಶಿರದ ಇನ್ನೊಂದು ಬದಿಗೆ ಮರಳನ್ನು ಖರ್ಚುಮಾಡಿ ತರಬೇಕಾಯಿತೆಂಬುದಕ್ಕಿಂತ ದೊಡ್ಡ ಪಾಠ ಬೇಕೆ?

ಅದೇ ಸಂಜೆ ನಾವು ಸೊಲಾಂಡರನ ಹೆಸರಿನ ಬಂಡೆಯಂಚಿಗೆ ಹೋದೆವು. ಅಲ್ಲಿಂದ ಮುಂದೆ ಬರಿಯ ಸಾಗರ. ಜೂನ್, ಜುಲೈ ತಿಂಗಳುಗಳಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಈ ಬಂಡೆಯ ಮುಂದಿನಿಂದಲೇ ಉತ್ತರಕ್ಕೆ ಹೋಗುತ್ತವೆಯಂತೆ. ಪೂರ್ವತೀರದಲ್ಲಿ ಅವುಗಳ ಬೇಟೆ 1962ರಲ್ಲಿ ನಿಂತಿತು; ಆಗ ಉಳಿದಿದ್ದವು ಕೆಲವು ನೂರು ಮಾತ್ರ. ಇಂದು ಅವುಗಳ ಸಂಖ್ಯೆ ಹತ್ತಾರು ಸಾವಿರ. ಕೊಲ್ಲುವುದನ್ನು ನಿಲ್ಲಿಸಿದರು; ಅವು ಮರಳಿದುವು. ಕುಕ್ಕನ ಕಾಲದಲ್ಲಿ ಒಯ್ದ ಈಟಿಗಳಲ್ಲಿ ಉಳಿದಿದ್ದ ನಾಲ್ಕನ್ನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು 2024ರ ಏಪ್ರಿಲಿನಲ್ಲಿ ಆ ಜನರ ವಂಶಸ್ಥರಿಗೆ ಒಪ್ಪಿಸಿತು. 254 ವರ್ಷಗಳ ಮೇಲೆ ಅವೂ ಮರಳಿದುವು. ಹಕ್ಕಿಗಳು ವರ್ಷವರ್ಷವೂ ಮರಳುತ್ತಿವೆ. ಜೀವವುಳ್ಳದ್ದು ಅವಕಾಶ ಕೊಟ್ಟರೆ ಮರಳುತ್ತದೆ. ಮನುಷ್ಯನಿಗೆ ಮನಸ್ಸಾದರೆ ಒಯ್ದದ್ದೂ ಮರಳುತ್ತದೆ. ಆರು ಸಾವಿರ ವರ್ಷ ಅಲೆ, ಗಾಳಿ, ಹುಲ್ಲುಗಳು ಕೂಡಿ ಕಟ್ಟಿದ ಗುಡ್ಡ ಮಾತ್ರ ಮರಳದು. ಉಳಿದ ಕೆಲವೇ ದಿಬ್ಬಗಳನ್ನು 2003ರಲ್ಲಿ ರಾಜ್ಯದ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ರಕ್ಷಿಸಬೇಕೆಂಬ ಬುದ್ಧಿ ಬಂದಾಗ ರಕ್ಷಿಸಲು ಉಳಿದುದು ಅಷ್ಟು.

ಇದನ್ನು ಆ ದೇಶದವರ ತಪ್ಪೆಂದು ಬರೆದು ಕೈತೊಳೆದುಕೊಳ್ಳಲು ನನಗೆ ಅಧಿಕಾರವಿಲ್ಲ. ಹನ್ನೆರಡು ವರ್ಷಗಳ ಹಿಂದೆ ಬ್ಯಾಂಕಿನ ಸಾಲ ತೆಗೆದು ನಾನೂ ಒಂದು ಮನೆ ಕಟ್ಟಿಸಿದೆ. ರಾತ್ರಿಯ ಹೊತ್ತು ಲಾರಿ ಬಂದು ಹೊಳೆಮರಳನ್ನು ಬಾಗಿಲ ಮುಂದೆ ಸುರಿದು ಹೋಗುತ್ತಿತ್ತು. ಅದರಲ್ಲಿ ಮಣ್ಣು ಬೆರೆತಿದೆಯೇ ಎಂದು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಬೆಲೆಗಾಗಿ ಚೌಕಾಸಿ ಮಾಡಿದೆ. ಯಾವ ಹೊಳೆಯದೆಂದು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಎಪ್ಪತ್ತು ಲಕ್ಷ ಲಾರಿಗಳ ಹಿಂದೆಯೂ ನನ್ನಂತೆಯೇ ಕೇಳದಿದ್ದ ಗೃಹಸ್ಥರು ಇದ್ದಿರಬೇಕು, ಅವರೂ ದುಷ್ಟರಲ್ಲ.

ಆಗ ನನ್ನ ಮಕ್ಕಳು ಚಿಕ್ಕವರು. ಆ ಮರಳಿನ ರಾಶಿಯ ಮೇಲೆ ಆಡಿ, ಅದರೊಳಗಿನ ಸಣ್ಣ ಚಿಪ್ಪುಗಳನ್ನು ಆರಿಸಿ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಸಿಡ್ನಿಯಿಂದ ಬಂದ ಮೇಲೆ ಪುಸ್ತಕದ ಕಪಾಟಿನಲ್ಲಿ ಹುಡುಕಿ ಆ ಡಬ್ಬಿಯನ್ನು ತೆಗೆದು ನೋಡಿದೆ. ಚಿಪ್ಪುಗಳು ಇನ್ನೂ ಇವೆ. ಯಾವ ಹೊಳೆಯವೆಂದು ಮಕ್ಕಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.